ಗಂಗವ್ವನ ಉಡಿ, ಸರ್ಕಾರದ ಸೇತುವೆ

ನಾನು ಸರ್ಕಾರದ ಸೇತುವೆಗಳನ್ನು ನೋಡಿಕೊಳ್ಳುವ ಓವರ್‌ಸಿಯರ್ ಆಗಿದ್ದೆ ಎಂದರೆ ಈಗಿನವರು, ಅದರಲ್ಲಿ ನೋಡಿಕೊಳ್ಳುವುದೇನಿದೆ, ಸೇತುವೆ ಎದ್ದು ಎಲ್ಲಿಗಾದರೂ ಹೋಗುತ್ತದೆಯೇ ಎಂದು ಕೇಳುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನಿಸಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ನನ್ನ ಸೇತುವೆಗಳೆಲ್ಲ ಒಣ ಹಳ್ಳಗಳ ಮೇಲಿದ್ದವು. ಅವುಗಳ ಕೆಳಗೆ ನೀರಿಗಿಂತ ಕುರಿ ಹರಿದದ್ದೇ ಹೆಚ್ಚು. ಸೇತುವೆಯ ಎರಡು ಕಂಬಗಳ ನಡುವಿನ ತೆರಪಿಗೆ ನಮ್ಮ ಕಡೆ ಕಣ್ಣು ಎನ್ನುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕುರಿಗಾರರು ಆ ಕಣ್ಣಿನೊಳಗೆ ಕಂಬಳಿ ಹಾಸಿ ಮಲಗಿರುತ್ತಿದ್ದರು. ನಾನು ತಪಾಸಣೆಗೆಂದು ಬಗ್ಗಿ ನೋಡಿದರೆ, “ಬರ್ರಿ ಸಾಹೇಬ್ರ, ಇಲ್ಲಿ ತಂಪೈತಿ” ಎಂದು ಸರಿದು ಜಾಗ ಕೊಡುತ್ತಿದ್ದರು. ಎಷ್ಟೋ ತಪಾಸಣೆಗಳನ್ನು ನಾನು ಮಲಗಿಕೊಂಡೇ ಮುಗಿಸಿದ್ದೇನೆ. ಮಲಗಿ ನೋಡಿದರೆ ಮೇಲಿನ ಬಿರುಕು ಚೆನ್ನಾಗಿ ಕಾಣುತ್ತದೆ, ಇದು ಸುಳ್ಳಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಹಡಗಲಿಗೆ ವರ್ಗ ಮಾಡಿದರು. ತುಂಗಭದ್ರೆಗೆ ಹೊಸದಾಗಿ ಕಟ್ಟಿದ ಉದ್ದನೆಯ ಸೇತುವೆ ನನ್ನ ಪಾಲಿಗೆ ಬಂತು. ಮಳೆಗಾಲ ಕಳೆದರೂ ಅಲ್ಲಿ ಅಣೆಕಟ್ಟಿನ ಹಿನ್ನೀರು ತುಂಬಿಕೊಂಡೇ ಇರುತ್ತಿತ್ತು. ಕೊಟ್ಟೂರಿನಲ್ಲಿ ಒಂದು ಕೊಡ ನೀರಿಗೆ ಸರದಿ ನಿಂತು ಬೆಳೆದವನು ನಾನು. ಅಷ್ಟು ನೀರನ್ನು ಒಟ್ಟಿಗೆ ಕಂಡಾಗ ಸಂತೋಷಕ್ಕಿಂತ ಸಿಟ್ಟೇ ಬಂತು, ನಮಗೆ ಕೊಡದೆ ಎಲ್ಲ ಇಲ್ಲಿಟ್ಟುಕೊಂಡಿದ್ದಾರಲ್ಲ ಎಂದು. ನನಗೆ ಸಿಟ್ಟು ಬೇಗ ಬರುತ್ತಿತ್ತು, ಈಗಲೂ ಬರುತ್ತದೆ. ಅದಕ್ಕೆ ಕಾರಣ ಇರಲೇಬೇಕೆಂದೇನೂ ಇಲ್ಲ.

ನಮ್ಮ ದೊಡ್ಡ ಎಂಜಿನಿಯರ್ ಸಾಹೇಬರು ಕರಾವಳಿಯಿಂದ ವರ್ಗವಾಗಿ ಬಂದವರು. ಹುಟ್ಟಿದಾಗಿನಿಂದ ದೋಣಿ, ಲಾಂಚು, ಹಡಗು ನೋಡಿದವರನ್ನು ತಂದು ಈ ಜಾಲಿ ಮುಳ್ಳಿನ ಸೀಮೆಗೆ ಹಾಕಿದ್ದರು. ಪಾಪ, ಅವರು ಜೀಪಿನಲ್ಲಿ ಕೂತು ನೀರು ಹುಡುಕುತ್ತಿದ್ದರು. ನನ್ನ ಸೇತುವೆಯ ಕೆಳಗಿನ ಹಿನ್ನೀರು ಕಂಡ ದಿನ ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ.

“ಇದು ನೌಕೆಗಳು ಓಡಾಡುವ ನೀರು ಮಾರಾಯ್ರೇ!” ಎಂದರು. “ಊರಿನ ಹೆಸರಿನಲ್ಲೇ ಹಡಗು ಉಂಟಲ್ಲ! ನೀವು ಇದನ್ನು ಹಳ್ಳದ ಸೇತುವೆಯ ಹಾಗೆ ಇಟ್ಟುಕೊಂಡರೆ ಹೇಗೆ?”

ನೌಕೆ ಓಡಾಡುವ ನೀರಿಗೆ ಬೇರೆಯೇ ನಿಯಮಗಳಿದ್ದವು. ಸೇತುವೆಯ ನಡುಗಣ್ಣನ್ನು ನೌಕೆಗಳಿಗೆಂದೇ ಬಿಡಬೇಕು. ಅದರ ಎರಡೂ ಕಂಬಗಳಿಗೆ ಬಿಳಿ ಪಟ್ಟಿ ಬಳಿಯಬೇಕು. ಅಲ್ಲಿ ಬಲೆ ಕಟ್ಟಬಾರದು. ಸೇತುವೆಯ ದೆಸೆಯಿಂದ ನೌಕೆಗಳಿಗೆ ಯಾವ ಅಪಾಯವೂ ಆಗದಂತೆ ನೋಡಿಕೊಳ್ಳುವುದು ಓವರ್‌ಸಿಯರನ ಜವಾಬ್ದಾರಿ. ನಾನು ನೌಕೆಗಳನ್ನು ಹುಡುಕಿಕೊಂಡು ದಂಡೆಗೆ ಇಳಿದೆ. ಸಿಕ್ಕಿದ್ದು ಮೂರು ಹರಿಗೋಲು. ಒಂದನ್ನು ಬೋರಲು ಹಾಕಿ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದ್ದರು. ಇನ್ನೊಂದರ ಕೆಳಗೆ ಕೋಳಿ ಮರಿ ಮಾಡಿತ್ತು. ನೀರಿನಲ್ಲಿದ್ದದ್ದು ಮೂರನೆಯದೊಂದೇ, ಅದೂ ಮೀನು ಹಿಡಿಯುವ ಚಿಕ್ಕ ಹರಿಗೋಲು. ನನ್ನ ಅಧಿಕಾರದಲ್ಲಿದ್ದ ನೌಕಾಪಡೆ ಇಷ್ಟೇ.

ಮೂರರ ಒಡೆಯರೂ ದಂಡೆಯಲ್ಲಿದ್ದ ಒಬ್ಬ ಅಂಬಿಗ ಮತ್ತು ಅವನ ಹೆಂಡತಿ. ಸೇತುವೆ ಆಗುವ ಮೊದಲು ಈ ದಂಡೆಯ ಜನರನ್ನು ಆ ದಂಡೆಗೆ ದಾಟಿಸುತ್ತಿದ್ದವರು ಅವರೇ. ಸೇತುವೆಗೆ ಬಸ್ಸು ಬಂದ ಮೇಲೆ ಅಲ್ಲಿ ಹರಿಗೋಲಿನಲ್ಲಿ ಜನ ದಾಟಿಸಬಾರದೆಂದು ಸರ್ಕಾರವೇ ನಿಲ್ಲಿಸಿತ್ತು. ಅಂಬಿಗ ಮಾತೇ ಆಡುತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು. ನಾನು ಕಂಬಕ್ಕೆ ಬಿಳಿ ಪಟ್ಟಿ ಬಳಿಸುವಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ಯಾಕ್ರಿ ಓವರ್‌ಸಿಯರಪ್ಪ, ಇಭೂತಿ ಹಚ್ಚಾಕತ್ತೀರಿ? ಸೇತುವಿಗೇನ್ ದೀಕ್ಷಾ ಕೊಡ್ತೀರೇನು?”

ನಾನು ನಿಯಮ ವಿವರಿಸಿದೆ. ಇನ್ನು ಮುಂದೆ ಅವರ ಹರಿಗೋಲು ಈ ಎರಡು ಬಿಳಿ ಕಂಬಗಳ ನಡುವೆಯೇ ಹಾಯಬೇಕು ಎಂದೆ. ಆಕೆ ಒಮ್ಮೆ ಸೇತುವೆಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಅಷ್ಟೂ ಕಣ್ಣುಗಳ ಕೆಳಗೆ ನೀರು ಖಾಲಿ ಬಿದ್ದಿತ್ತು.

“ಹೂಂ, ಭಾಳ ಗದ್ದಲೈತಿ, ಖರೇ,” ಎಂದು ಒಳಗೆ ಹೋದಳು.

ದೀಪಾವಳಿ ಕಳೆದು ಮದುವೆಗಳು ಶುರುವಾದಾಗ ನಾನು ಕಂಡಿರದ ಒಂದು ಸಂಗತಿ ಗೊತ್ತಾಯಿತು. ಈ ಹೊಳೆ ದಾಟಿ ಗಂಡನ ಮನೆಗೆ ಹೋಗುವ ಮದುವಣಗಿತ್ತಿ ನಡುನೀರಿನಲ್ಲಿ ಗಂಗವ್ವನಿಗೆ ಉಡಿ ತುಂಬಬೇಕು. ಕುಬಸದ ಬಟ್ಟೆಯ ಕಣದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಉತ್ತತ್ತಿ, ಹಸಿರು ಬಳೆ ಇಟ್ಟು ಗಂಟು ಕಟ್ಟಿ ಕೊಡಬೇಕು. ಹರಿಗೋಲಿನ ಕಾಲದಲ್ಲಿ ಗಂಗವ್ವನ ಪರವಾಗಿ ಅದನ್ನು ಇಸಿದುಕೊಳ್ಳುತ್ತಿದ್ದವಳು ಅಂಬಿಗನ ಹೆಂಡತಿ. ಈಗ ಲಾರಿ, ಟ್ರ್ಯಾಕ್ಟರುಗಳು ನಡುಸೇತುವೆಗೆ ಬಂದು ನಿಲ್ಲುತ್ತಿದ್ದವು. ಮದುವಣಗಿತ್ತಿ ಸೇತುವೆಯ ಅಂಚಿನ ಕಟಕಟೆಯ ಹತ್ತಿರ ಬಂದು ಗಂಟನ್ನು ಕೆಳಕ್ಕೆ ಎಸೆಯುತ್ತಿದ್ದಳು. ಹೆಂಗಸರು ಒಂದು ಹಾಡು ಹೇಳಿ ಮತ್ತೆ ಲಾರಿ ಏರುತ್ತಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಹಿಂದೆ ನಿಂತ ಬಸ್ಸಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು ಅನ್ನುವುದನ್ನು ಬಿಟ್ಟರೆ ಯಾರಿಗೂ ತೊಂದರೆ ಇರಲಿಲ್ಲ.

ಅಷ್ಟರಲ್ಲಿ ದೊಡ್ಡ ಸಾಹೇಬರು ನಡುಗಣ್ಣಿನ ತಪಾಸಣೆಗೆ ಬಂದರು. ನೀರಿನ ಮೇಲಿಂದಲೇ ನೋಡಬೇಕೆಂದರು. ಅವರನ್ನೂ ನನ್ನನ್ನೂ ಕೂರಿಸಿಕೊಂಡು ಅಂಬಿಗ ಹುಟ್ಟು ಹಾಕಿದ. ಹರಿಗೋಲು ನೆಟ್ಟಗೆ ಹೋಗುವ ವಾಹನವಲ್ಲ, ಅದು ತಿರುಗುತ್ತಾ ಹೋಗುತ್ತದೆ. ದೋಣಿಯಲ್ಲಿ ಬೆಳೆದ ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಅವರು ಬೆರಳು ಚಾಚಿ ಒಂದು ಕಂಬದ ಬಿರುಕಿನ ಬಗ್ಗೆ ಮಾತು ಶುರುಮಾಡಿದರೆ, ಮಾತು ಮುಗಿಯುವ ಹೊತ್ತಿಗೆ ಬೆರಳು ದಂಡೆಯ ಮೇಲಿನ ಎಮ್ಮೆಯನ್ನು ತೋರಿಸುತ್ತಿತ್ತು. “ಇದಕ್ಕೆ ಸಿಮೆಂಟ್ ಮೆತ್ತಿಸಿ” ಎಂದರು. ನಾನು ಎಮ್ಮೆಯನ್ನು ನೋಡಿ “ಆಯಿತು ಸಾರ್” ಎಂದೆ.

ಸರಿಯಾಗಿ ನಡುಗಣ್ಣಿನ ಕೆಳಗೆ ಬಂದಾಗ ಮೇಲೆ ಲಾರಿ ನಿಂತ ಸದ್ದಾಯಿತು. ತೆಲಿಗಿ ಕಡೆಯ ಮದುವೆ. ಕೂಗಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಗಂಟು ಮೇಲಿಂದ ಹೊರಟಾಗಿತ್ತು. ಅರ್ಧ ದಾರಿಯಲ್ಲಿ ಅದು ಬಿಚ್ಚಿಕೊಂಡಿತು. ಮೊದಲು ಅಕ್ಕಿ ಬಂದು ಸಾಹೇಬರ ಮೇಲೆ ಅಕ್ಷತೆಯ ಹಾಗೆ ಬಿತ್ತು. ಅವರು ಇದೇನೆಂದು ಮುಖ ಮೇಲೆತ್ತಲು ಹೊರಟಿದ್ದರು, ನಾನು ಅವರ ತಲೆಯನ್ನು ಹಿಡಿದು ಒತ್ತಿದೆ. ಸರ್ಕಾರಿ ಸೇವೆಯಲ್ಲಿ ಮೇಲಧಿಕಾರಿಯ ತಲೆ ಒತ್ತಿದ್ದು ಅದೊಂದೇ ಸಲ. ಕಾಯಿ ಬಂದು ಅವರ ದಪ್ಪ ಟೋಪಿಯ ಅಂಚಿಗೆ ತಗುಲಿ, ಹರಿಗೋಲಿನ ಬಾಯಿಗೆ ಬಡಿದು, ನೀರಿಗೆ ಹಾರಿತು. ಕೊನೆಗೆ ಕೆಂಪು ಕಣ ತೇಲುತ್ತಾ ಬಂದು ಅವರ ಹೆಗಲ ಮೇಲೆ ಕೂತಿತು.

ಮೇಲಿನಿಂದ ಹೆಂಗಸರ ಧ್ವನಿ ಕೇಳಿಸಿತು. “ಮುಟ್ತು, ಮುಟ್ತು! ಗಂಗವ್ವಗ ಮುಟ್ತು!”

ದಂಡೆಗೆ ಬಂದ ಮೇಲೆ ಸಾಹೇಬರು ಮೊದಲು ಟೋಪಿ ತೆಗೆದು ನೋಡಿದರು. ಅದರ ತಗ್ಗನ್ನು ಒಳಗಿನಿಂದ ಗುದ್ದಿದರು, ಪೂರ್ತಿ ಹೋಗಲಿಲ್ಲ. ಆಮೇಲೆ ಎಂದರು: “ನಮ್ಮ ಊರಲ್ಲೂ ಸಮುದ್ರಕ್ಕೆ ಕಾಯಿ ಕೊಡ್ತೇವೆ ಮಾರಾಯ್ರೇ. ಬಗ್ಗಿ, ಕೈಯಿಂದ ಕೊಡ್ತೇವೆ. ಹೀಗೆ ಹೊಡೆಯುವುದಿಲ್ಲ.” ಜೀಪು ಹತ್ತುವಾಗ ಇನ್ನೊಂದು ಮಾತು ಹೇಳಿದರು. “ಇನ್ನು ಈ ಸೇತುವೆಯಿಂದ ಒಂದೇ ಒಂದು ಕಾಯಿ ಬಿದ್ದರೂ ನಿಮ್ಮನ್ನು ಅಮಾನತಿನಲ್ಲಿ ಇಡ್ತೇನೆ. ನನಗೂ ಬೇಜಾರು, ಆದರೆ ಇಡ್ತೇನೆ.”

ಮರುದಿನವೇ ಸೇತುವೆಯ ಎರಡೂ ತುದಿಗೆ ಫಲಕ ನಿಲ್ಲಿಸಿದೆ: ವಾಹನ ನಿಲ್ಲಿಸಬಾರದು, ಏನನ್ನೂ ಎಸೆಯಬಾರದು. ಕಾಯಲು ಒಬ್ಬ ವಾಚ್‌ಮನ್‌ನನ್ನು ಹಾಕಿದೆ. ಅವನು ಹರಪನಹಳ್ಳಿಯ ಮೆಕ್ಯಾನಿಕ್ ಮನೆತನದ ಸಾಬರ ಯುವಕ. ಅಪ್ಪನ ಗ್ಯಾರೇಜಿನ ಗ್ರೀಸು ಬೇಡವೆಂದು ಸರ್ಕಾರಿ ಕೆಲಸಕ್ಕೆ ಬಂದಿದ್ದ. ಮೊದಲ ದಿನವೇ ನಾನು ಅವನಿಗೆ ಎಷ್ಟು ಜೋರಾಗಿ ನಿಯಮ ಹೇಳಿದೆನೆಂದರೆ, ಪಾಪ, ಅವನ ಮೈಯೆಲ್ಲ ನಿಯಮವೇ ಆಗಿಬಿಟ್ಟಿತು. ಕೈಗೊಂದು ಸೀಟಿ ಕೊಟ್ಟಿದ್ದೆ. ಎಮ್ಮೆ ನಿಂತರೂ ಸೀಟಿ ಹೊಡೆಯುತ್ತಿದ್ದ.

ಮದುವೆಯವರು ಬಿಡುವವರೇ? ಲಾರಿ ನಿಲ್ಲಿಸಬಾರದು ತಾನೇ, ಓಡುವ ಲಾರಿಯಿಂದಲೇ ಎಸೆಯಲು ಶುರುಮಾಡಿದರು. ಗುರಿ ಇನ್ನೂ ಕೆಟ್ಟಿತು. ಒಂದು ಗಂಟು ಎದುರು ಬಂದ ಬಸ್ಸಿನ ಕಿಟಕಿಯೊಳಗೆ ಹೋಗಿ, ಹೊಳಲಿನ ಸಂತೆಗೆ ಹೊರಟಿದ್ದ ಮುದುಕನ ಉಡಿ ತುಂಬಿತು. ಅಂಬಿಗ ಬಿದಿರು ಬುಟ್ಟಿಯನ್ನು ತಲೆಗೆ ಬೋರಲು ಹಾಕಿಕೊಂಡು ಮೀನು ಹಿಡಿಯಲು ಹೋಗತೊಡಗಿದ. ನಾನು ಇನ್ನಷ್ಟು ಬಿಗಿ ಮಾಡಿದೆ. ಸೇತುವೆಯ ಬುಡದಲ್ಲೇ ಲಾರಿ ನಿಲ್ಲಿಸಿ, ಉಡಿಯ ಗಂಟುಗಳನ್ನು ಲೆಕ್ಕ ಮಾಡಿ ಇಸಿದುಕೊಂಡು, ತಾನೂ ಲಾರಿಯಲ್ಲಿ ಹೋಗಿ ದಾಟಿದ ಮೇಲೆ ವಾಪಸು ಕೊಡುವಂತೆ ವಾಚ್‌ಮನ್‌ಗೆ ಹೇಳಿದೆ. ಹೆಂಗಸರು ನನಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾರೆ. ಕೆಲವು ಬಹಳ ಚೆನ್ನಾಗಿದ್ದವು. ಒಬ್ಬಳು ಮದುವಣಗಿತ್ತಿಯಂತೂ ಉಡಿ ಕೊಡದೆ ಹೊಳೆ ದಾಟುವುದಿಲ್ಲವೆಂದು ರಸ್ತೆಯಲ್ಲೇ ಕೂತಳು. ನಾನು ಕೂಗಾಡಿದೆ. ಅವಳು ಅಳುತ್ತಲೇ ದಾಟಿದಳು. ನನಗೆ ಆಗ ನನ್ನ ಕೆಲಸ ಉಳಿದದ್ದೇ ದೊಡ್ಡದಾಗಿತ್ತು.

ಇದೆಲ್ಲ ಹೀಗಿರುವಾಗ ಕೊಟ್ಟೂರಿನಿಂದ ಅವ್ವ ಹೇಳಿಕಳಿಸಿದಳು: ತಂಗಿಯ ಮದುವೆ ಕೂಡಿಬಂದಿದೆ, ಹುಡುಗ ಹೊಳೆಯ ಆಚೆಯವನು, ಮದುವೆ ಗಂಡಿನ ಮನೆಯಲ್ಲೇ.

ಅಪ್ಪ ತೀರಿಕೊಂಡಾಗ ತಂಗಿ ಇನ್ನೂ ಅಂಗಳದಲ್ಲಿ ಮಣ್ಣಾಡುವ ಕೂಸು. ಅವಳನ್ನು ಸೈಕಲ್ಲಿನ ಮುಂದಿನ ಪೈಪಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ನಾನು, ಜಡೆ ಹಾಕಲು ಬಾರದೆ ಗಂಟು ಹಾಕಿ ಕಳಿಸಿದವನೂ ನಾನು. ಸಂಬಂಧ ಒಳ್ಳೆಯದು, ಹುಡುಗನೂ ಒಳ್ಳೆಯವನು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಊರಿಗೆ ಹೋಗಿ ಜಗುಲಿಯ ಮೇಲೆ ಕೂತೊಡನೆ ಅವ್ವ ಕೇಳಿದ ಮೊದಲ ಮಾತು ಸೇತುವೆಯದು.

“ಹೊಳಿಗಿ ಉಡಿ ತುಂಬಾಕ ಬಿಡವಲ್ಲಿ ಅಂತಲ್ಲಪಾ? ಹೆಣಮಕ್ಕಳ ಉಡಿ ಕಸಗೊಂಡು ಇಟ್ಕಂತಿ ಅಂತ? ಇಲ್ಲಿ ತನಕ ಸುದ್ದಿ ಬಂದೈತಿ.”

“ಸರ್ಕಾರದ ನಿಯಮ ಅವ್ವ.”

“ನಾ ಹೊಳಿ ಆಚಿಂದ ಬಂದಾಕಿ. ಹರಗೋಲದಾಗ ಕುಂತು, ನಡುನೀರಾಗ ಗಂಗವ್ವನ ಕೈಗಿ ಉಡಿ ಕೊಟ್ಟು ಬಂದೀನಿ. ಅಕಿ ನಡು ನಿಂತು ಈ ದಂಡಿಯಿಂದ ಆ ದಂಡಿಗಿ ಮುಟ್ಟಸಲಿಲ್ಲಂದ್ರ, ಹೆಣಮಗಳು ಎರಡೂ ದಂಡಿಗಿ ಆಗಂಗಿಲ್ಲ. ನನ್ನ ಮಗಳು ಉಡಿ ಕೊಡಲಾರದ ಹೊಳಿ ದಾಟಂಗಿಲ್ಲ. ಮದಿವಿ ನಿಂತ್ರ ನಿಂತತಿ.”

ದಂಡೆಯಲ್ಲೇ ಇಳಿದು ನೀರಿಗೆ ಕೊಟ್ಟರಾಯಿತು ಎಂದೆ. ದಂಡೆಯ ನೀರು ಊರಿನದು, ನಡುನೀರಷ್ಟೇ ಗಂಗವ್ವನದು ಎಂದಳು. ಹರಿಗೋಲಿನಲ್ಲಿ ಕರೆದೊಯ್ಯೋಣವೆಂದರೆ ಜನ ದಾಟಿಸುವುದು ಬಂದ್ ಆಗಿದೆ, ಅದನ್ನು ಕಾಯಬೇಕಾದವನೂ ನಾನೇ. ಎಸೆದರೆ ಕೆಲಸ ಹೋಗುತ್ತದೆ. ಹಾಗೆಂದು ನಮ್ಮ ಮನೆಯ ಗಂಟಿಗೆ ಮಾತ್ರ ಕಣ್ಣು ಮುಚ್ಚಿದರೆ ಹಡಗಲಿಯ ಸಂತೆಯಲ್ಲಿ ನಾನು ಮತ್ತೆ ತಲೆಯೆತ್ತಿ ಬದನೆಕಾಯಿ ಕೊಳ್ಳುವಂತಿರಲಿಲ್ಲ.

ಅಷ್ಟು ಹೊತ್ತು ಒಳಗೆ ರೊಟ್ಟಿ ಬಡಿಯುತ್ತಿದ್ದ ತಂಗಿ ಹೊರಗೆ ಬಂದಳು. ಅವಳು ಯಾವತ್ತೂ ನನಗೆ ಹೆದರಿದವಳಲ್ಲ. “ನೀ ದಿನಾ ದಾಟ್ತಿ ಅಣ್ಣ, ಹೊಳಿ,” ಎಂದಳು. “ನಾ ದಾಟಾದು ಒಮ್ಮಿ.” ಇಷ್ಟೇ ಹೇಳಿ ಮತ್ತೆ ಒಳಗೆ ಹೋಗಿ ರೊಟ್ಟಿ ಬಡಿದಳು. ಆ ಬಡಿತದ ಸದ್ದು ಕೇಳುತ್ತಾ ನನಗೆ ಊಟವೇ ಸೇರಲಿಲ್ಲ.

ಹಡಗಲಿಗೆ ವಾಪಸಾಗಿ ತಲೆ ಕೆಡಿಸಿಕೊಂಡು ಓಡಾಡಿದೆ. ನನ್ನ ಕೆಲಸಗಳಲ್ಲಿ ಒಂದು, ಕಂಬದ ಬುಡದಲ್ಲಿ ನೀರು ಮಣ್ಣು ಕೊರೆದಿದೆಯೇ ಎಂದು ಆಳ ನೋಡುವುದು. ಅದಕ್ಕೆ ಸೇತುವೆಯ ಮೇಲಿನಿಂದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಿದ್ದೆ. ಆ ವಾರ ಹಾಗೆ ಹಗ್ಗ ಬಿಡುತ್ತಿರುವಾಗ ಗುಂಡು ಮೆಲ್ಲಗೆ, ಸದ್ದಿಲ್ಲದೆ ಹೋಗಿ ನೀರು ಮುಟ್ಟಿದ್ದನ್ನು ನೋಡಿದೆ. ಸಾಹೇಬರ ಮಾತು ತಲೆಯಲ್ಲಿ ಸುಳಿಯಿತು: ಬಗ್ಗಿ, ಕೈಯಿಂದ ಕೊಡ್ತೇವೆ. ನನ್ನ ಕೈ ಅಷ್ಟು ಉದ್ದವಿಲ್ಲದಿದ್ದರೇನಾಯಿತು, ಹಗ್ಗವಿತ್ತಲ್ಲ. ಗುಂಡಿನ ಬದಲು ಬುಟ್ಟಿ ಕಟ್ಟಿ ಉಡಿಯನ್ನು ಇಳಿಸಿದರೆ, ನಡುನೀರಿನಲ್ಲಿ ಅಂಬಿಗನ ಹೆಂಡತಿ ಕೈಯೊಡ್ಡಿ ಇಸಿದುಕೊಂಡರೆ, ಎಸೆದ ಹಾಗೂ ಆಗಲಿಲ್ಲ, ಬಿದ್ದ ಹಾಗೂ ಆಗಲಿಲ್ಲ. ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಉಕ್ಕಿತು. ಆ ಖುಷಿಯಲ್ಲಿ ಆಳ ಬರೆದುಕೊಳ್ಳುವುದನ್ನೇ ಮರೆತೆ.

ಅಂಬಿಗನ ಹೆಂಡತಿಗೆ ಹೇಳಿದಾಗ ಆಕೆ ಬಲೆ ಹೆಣೆಯುವ ಕೈ ನಿಲ್ಲಿಸಲೇ ಇಲ್ಲ.

“ಹಗ್ಗದಾಗ ಬಕೀಟು ಇಳಸ್ತಾರ್ರಿ, ಬಾವ್ಯಾಗ. ಉಡಿ ಇಳಸ್ತಾರೇನು?”

“ಸ್ವಲ್ಪ ನೋಡವ್ವ. ನನ್ನ ತಂಗಿ ಮದುವೆ.”

“ಓಹೋ, ಈಗ ತಂಗಿ ಬಂದ್ಲು! ಹೊಳಿ ಮ್ಯಾಲ ಇಷ್ಟುದ್ದ ಕಟ್ಟಿ ಕಟ್ಟಿದ್ರಿ. ಕಲ್ಲು ತಂದು ಕುಟ್ಟಿ ನೋಡಿದ್ರಿ, ಮಣ್ಣು ತಗದು ನೋಡಿದ್ರಿ, ನೀರು ಅಳದು ನೋಡಿದ್ರಿ. ಇಲ್ಲೊಬ್ಬಾಕಿ ಕುಂತಾಳಲ್ಲ, ಅಕಿನ್ನ ಒಂದು ಮಾತು ಕೇಳೂನು ಅಂದ್ರೇನು? ಮದಿವಿ ಹೆಣಮಕ್ಕಳು ನನ್ನ ತಲಿ ಮ್ಯಾಲ ಹಾದು ಹೋಗತಾರ. ನನ್ನ ಹಸ್ತಕ್ಕ ಒಬ್ಬಾಕೀನೂ ಉಡಿ ಕೊಡಲಿಲ್ಲ.”

ನನಗೆ ಅಭ್ಯಾಸದಂತೆ ಸಿಟ್ಟು ಬಂತು. ಸೇತುವೆ ಕಟ್ಟಿದವನು ನಾನಲ್ಲ, ಕಟ್ಟುವಾಗ ನಾನು ಕೂಡ್ಲಿಗಿಯ ಹಳ್ಳದಲ್ಲಿ ಕುರಿಗಳ ಜೊತೆ ಮಲಗಿದ್ದೆ ಎಂದು ಹೇಳಬೇಕೆಂದುಕೊಂಡೆ. ಆದರೆ ಆಕೆಯ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ನೆಲದ ಮೇಲೆ ಕೂತೆ. “ಈಗ ಕೇಳ್ತಾ ಇದ್ದೀನಿ ಅವ್ವ,” ಎಂದೆ.

ಆಕೆ ಎರಡು ಗಂಟು ಹೆಣೆದಳು. ಆಮೇಲೆ ಎಂದಳು: “ಬುಟ್ಟಿ ಹೊಸಾದು ಇರಬೇಕು. ಮೀನಿನ ಬುಟ್ಟಿ ತಂದೀರಿ ಮತ್ತ. ಹಗ್ಗ ಹೆಣ್ಣಿನ ಮನ್ಯಾರಾ ಹಿಡಿಬೇಕು. ಆ ಸೀಟಿ ಹುಡುಗನ ಕೈಯಾಗ ಕೊಡಬ್ಯಾಡ್ರಿ, ಅಂವ ಎಲ್ಲಾದ್ಕೂ ಊದ್ತಾನ.”

ಮದುವೆಯ ದಿನ ನಮ್ಮ ಲಾರಿ ಸೇತುವೆಯ ಬುಡ ಮುಟ್ಟಿದಾಗ ಬೆಳಗಿನ ಬಿಸಿಲು ಏರಿತ್ತು. ನೆಂಟರು, ಪಾತ್ರೆ, ಹಾಸಿಗೆ ಎಲ್ಲವನ್ನೂ ಲಾರಿಯಲ್ಲೇ ಮುಂದೆ ಕಳಿಸಿದೆ. ನಾನು, ಅವ್ವ, ತಂಗಿ ಮತ್ತು ಕೆಲವು ಹೆಂಗಸರು ನಡೆದೇ ಹೊರಟೆವು. ಜನ ನಡೆದು ಹೋಗಬಾರದೆಂದು ಯಾವ ಫಲಕದಲ್ಲೂ ಇರಲಿಲ್ಲ. ಸೇತುವೆಯ ಎರಡೂ ದಂಡೆಗೆ ಊರ ಜನ ಬಂದು ನಿಂತಿದ್ದರು. ಇಷ್ಟು ದಿನ ನಮ್ಮ ಉಡಿ ಕಸಿದವನು ತನ್ನ ತಂಗಿಯ ಉಡಿಯನ್ನು ಏನು ಮಾಡುತ್ತಾನೋ ನೋಡೋಣ ಎಂದು ಬಂದವರು. ಸಾಲದ್ದಕ್ಕೆ, ಮದುವೆಗೆಂದು ಕರೆದಿದ್ದ ದೊಡ್ಡ ಸಾಹೇಬರ ಜೀಪೂ ಅದೇ ಹೊತ್ತಿಗೆ ಹಿಂದಿನಿಂದ ಬಂತು. ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯುವ ಧೈರ್ಯ ನನಗಾಗಿರಲಿಲ್ಲ. ಮದುವೆ ಮನೆಯಲ್ಲಿ ಊಟವಾದ ಮೇಲೆ ಹೇಳೋಣ, ಹೊಟ್ಟೆ ತುಂಬಿದಾಗ ಯಾರೂ ಅಮಾನತು ಮಾಡುವುದಿಲ್ಲ ಎಂದುಕೊಂಡಿದ್ದೆ.

ನಡುಗಣ್ಣಿನ ಮೇಲೆ ಬಂದು ಬುಟ್ಟಿಗೆ ಹಗ್ಗ ಕಟ್ಟಿದೆ. ತಂಗಿ ಅದರಲ್ಲಿ ಉಡಿಯ ಗಂಟು ಇಟ್ಟಳು. ಕಟಕಟೆಯ ಮೇಲೆ ಬುಟ್ಟಿ ಎತ್ತಿದೆನೋ ಇಲ್ಲವೋ, ಕಿವಿ ಹರಿಯುವಂತೆ ಸೀಟಿ ಬಿತ್ತು.

“ಇಲ್ರಿ ಸಾಹೇಬ್ರ!” ವಾಚ್‌ಮನ್ ಓಡಿ ಬಂದು ಬುಟ್ಟಿಗೆ ಅಡ್ಡ ನಿಂತ. ಅವನಿಗೆ ಅಳುವೇ ಬಂದಿತ್ತು. “ಏನೂ ಕೆಳಗ ಹೋಗಂಗಿಲ್ಲ ಅಂತ ನೀವಾ ಹೇಳೀರಿ. ನಮ್ಮಪ್ಪ ಬಂದ್ರೂ ಬಿಡಬ್ಯಾಡ ಅಂದೀರಿ.”

“ಲೇ, ನಾನು ಓವರ್‌ಸಿಯರ್!”

“ಓವರ್‌ಸಿಯರ್ ಬಂದ್ರೂ ಬಿಡಬ್ಯಾಡ ಅಂದೀರಿ ಸಾಹೇಬ್ರ, ಮೊದಲ್ನೇ ದಿನಾನ.”

ಅಂದಿದ್ದೆ, ನಿಜ. ಜೊತೆಗಿದ್ದ ಹೆಂಗಸರು ನಗತೊಡಗಿದರು. ಸಾಹೇಬರು ಜೀಪಿನಿಂದಿಳಿದು ಬಂದರು. ಅವರ ತಲೆಯ ಮೇಲೆ ಅದೇ ತಗ್ಗು ಬಿದ್ದ ಟೋಪಿ. ನಾನು ಬುಟ್ಟಿ ಅವುಚಿಕೊಂಡು ನಿಂತೆ. ಕೆಲಸ ಹೋದರೆ ಹೋಗಲಿ, ತಂಗಿಯನ್ನು ಅಳಿಸಿ ದಾಟಿಸುವುದಿಲ್ಲ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಅನಿಸಿತು. ಸಾಹೇಬರು ಬುಟ್ಟಿಯನ್ನು ನೋಡಿದರು, ಹಗ್ಗವನ್ನು ನೋಡಿದರು, ಟೋಪಿಯ ಅಂಚನ್ನೊಮ್ಮೆ ಮುಟ್ಟಿಕೊಂಡು, ಬಹಳ ಎಚ್ಚರದಿಂದ ಕಟಕಟೆಯಾಚೆ ಬಗ್ಗಿದರು.

ಕೆಳಗೆ ಎರಡು ಬಿಳಿ ಪಟ್ಟಿಯ ಕಂಬಗಳ ಸರಿ ಮಧ್ಯದಲ್ಲಿ ಹರಿಗೋಲು ಕಾದಿತ್ತು. ಅಂಬಿಗನ ಹೆಂಡತಿ ಹೊಸ ಇಳಕಲ್ ಸೀರೆ ಉಟ್ಟು, ಸೆರಗೊಡ್ಡಿ ನಿಂತಿದ್ದಳು.

“ನೌಕೆ!” ಎಂದರು ಸಾಹೇಬರು. “ನಡುಗಣ್ಣಿನಲ್ಲಿ ನೌಕೆ ನಿಂತಿದೆಯಲ್ಲ ಮಾರಾಯ್ರೇ!” ಅವರು ಜಿಲ್ಲೆಗೆ ಬಂದಾಗಿನಿಂದ ನೋಡಬೇಕೆಂದಿದ್ದ ದೃಶ್ಯ ಅದೊಂದೇ. ಅಮಾನತಿನ ನೆನಪೇ ಅವರಿಗಾಗಲಿಲ್ಲ. ತಿರುಗಿ ವಾಚ್‌ಮನ್‌ಗೆ, “ನೀನು ಅಲ್ಲಿ ನಿಂತು ಎರಡೂ ಕಡೆಯ ಬಸ್ಸು ನಿಲ್ಲಿಸು. ನೌಕೆಗೆ ಸರಕು ಇಳಿಸುವಾಗ ಸೇತುವೆ ಅಲುಗಬಾರದು,” ಎಂದರು. ಅಂಥ ನಿಯಮವೊಂದು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ವಾಚ್‌ಮನ್‌ನ ಮುಖ ಬೆಳಗಿತು. ಅವನು ಸೀಟಿ ಹೊಡೆಯುತ್ತಾ ಓಡಿದ.

ಹಗ್ಗ ಬಿಟ್ಟೆ. ಬುಟ್ಟಿ ಗಾಳಿಗೆ ಒಂದು ಕಡೆ ತಿರುಗಿತು, ಹರಿಗೋಲು ನೀರಿಗೆ ಇನ್ನೊಂದು ಕಡೆ ತಿರುಗಿತು. ಸಾಹೇಬರು ಮೇಲಿನಿಂದ, “ನೌಕೆ ಎಡಕ್ಕೆ! ಎಡಕ್ಕೆ! ಅಯ್ಯೋ, ನಿಮ್ಮ ಎಡಕ್ಕಲ್ಲ!” ಎಂದು ಕೂಗುತ್ತಿದ್ದರು. ಕೊನೆಗೆ ಬುಟ್ಟಿ ಹೋಗಿ ಅಂಬಿಗನ ನೆತ್ತಿಯ ಮೇಲೆ ಕೂತಿತು. ಅವನು ಹುಟ್ಟು ಬಿಡದೆ, ಬುಟ್ಟಿ ಹೊತ್ತುಕೊಂಡೇ ಹೆಂಡತಿಯ ಕಡೆ ತಿರುಗಿದ. ಆಕೆ ಅವನ ತಲೆಯ ಮೇಲಿನಿಂದ ಗಂಟನ್ನು ಎರಡೂ ಕೈಯಿಂದ ಎತ್ತಿ ಸೆರಗಿಗೆ ಹಾಕಿಕೊಂಡಳು. ದಂಡೆಯ ಹೆಂಗಸರು ಹೋ ಎಂದರು. ಅವ್ವ ಕೈ ಮುಗಿದಳು. ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಆದರೆ ಆಕೆ ಬುಟ್ಟಿ ಬಿಡಲಿಲ್ಲ. ಹಗ್ಗವನ್ನು ಒಮ್ಮೆ ಜಗ್ಗಿ, ಮುಖ ಮೇಲೆತ್ತಿ ಕೂಗಿದಳು:

“ಯಾರ ಮನಿ ಮಗಳು? ಕೊಡಾಂವ ಯಾಂವ?”

ಇದೇನೆಂದು ಅವ್ವನ ಕಡೆ ನೋಡಿದೆ. “ಗಂಗವ್ವ ಕೇಳಾಕತ್ಯಾಳ. ಉತ್ತರಾ ಕೊಡು,” ಎಂದಳು ಅವ್ವ. “ಅಪ್ಪ ಇದ್ರ ಅಪ್ಪ ಹೇಳಬೇಕಿತ್ತು. ಈಗ ನೀನಾ. ಕೊಟ್ಟೀನಿ ಅನ್ನು.”

ಒಂದು ಮಾತು. ಇಡೀ ವರ್ಷ ಆ ಸೇತುವೆಯ ಮೇಲೆ ನಿಂತು ಲಾರಿಯವರಿಗೆ, ಮುದುಕರಿಗೆ, ಎಮ್ಮೆಗಳಿಗೆ ಕೂಗಿದವನು ನಾನು. ಬಾಯಿ ತೆರೆದೆ. ಕೊಟ್ಟೀನಿ ಎನ್ನಬೇಕು, ಕೊಡುವುದಕ್ಕೆ ಮನಸ್ಸೇ ಬರಲಿಲ್ಲ. ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅಷ್ಟು ದಿನ ನಾನು ಹಗ್ಗದ ಬಗ್ಗೆ, ಬುಟ್ಟಿಯ ಬಗ್ಗೆ, ನಿಯಮದ ಬಗ್ಗೆ ಮಾತ್ರ ಯೋಚಿಸಿದ್ದೆ. ಇವಳು ಹೋಗುತ್ತಾಳೆ ಅನ್ನುವುದನ್ನು ಯೋಚಿಸಿರಲೇ ಇಲ್ಲ.

“ಯಾಂವ ಕೊಡಾಂವ?” ಎಂದು ಕೆಳಗಿನಿಂದ ಮತ್ತೆ ಬಂತು. ಎರಡೂ ದಂಡೆಯ ಜನ ನನ್ನನ್ನೇ ನೋಡುತ್ತಿದ್ದರು.

ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದ ತಂಗಿ ನನ್ನ ಮುಖ ನೋಡಿದಳು. ಆಮೇಲೆ ಕಟಕಟೆಗೆ ಕೈಯೂರಿ, ಹೊಳೆಗೆಲ್ಲ ಕೇಳುವಂತೆ ಕೂಗಿದಳು:

“ನಮ್ಮಣ್ಣ ಯವ್ವಾ! ಮಾತು ಬರವಲ್ದು, ಅಳಾಕತ್ಯಾನ! ಕೊಟ್ಟಾನ ಅಂತ ತಿಳಕೋ!”

ಕೆಳಗೆ ಅಂಬಿಗನ ಹೆಂಡತಿ ನಕ್ಕ ಸದ್ದು ಕಂಬಗಳಿಗೆಲ್ಲ ಬಡಿದು ಮೇಲೆ ಬಂತು. “ತಿಳಕಂಡೆ ಮಗಳ! ಮುಟ್ತು! ಹೋಗಿ ಬಾ!”

ಹೆಂಗಸರು ಹಾಡು ಎತ್ತಿದರು. ತಂಗಿಯನ್ನು ನಡುವೆ ಮಾಡಿಕೊಂಡು ಎಲ್ಲರೂ ಆಚೆಯ ದಂಡೆಯ ಕಡೆ ಹೊರಟರು. ಹಿಂತಿರುಗಿ ನೋಡಬೇಡ ಎಂದು ಅವ್ವ ಅವಳಿಗೆ ಹೇಳುತ್ತಿದ್ದದ್ದು ಕೇಳಿಸಿತು. ನಾನು ಅಲ್ಲೇ ಉಳಿದೆ. ಅಂಬಿಗನ ಹೆಂಡತಿ ಖಾಲಿ ಬುಟ್ಟಿ ಕಳಿಸುವುದಿಲ್ಲವೆಂದು ಅದಕ್ಕೆ ಏನೇನೋ ತುಂಬುತ್ತಿದ್ದಳು. ನಾನು ಹಗ್ಗ ಬಿಡುವಂತಿರಲಿಲ್ಲ. ಕೈಯಲ್ಲಿ ಹಗ್ಗ, ಕಣ್ಣಲ್ಲಿ ನೀರು, ಮೂಗು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ. ಹಾಡು ದೂರವಾಗುತ್ತಾ ಹೋಯಿತು.

ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು. “ಹೋಗಿ ಮಾರಾಯ್ರೇ,” ಎಂದರು. “ನೌಕೆಯನ್ನು ನಾನು ನೋಡಿಕೊಳ್ತೇನೆ.”

ಮದುವೆಗೆಂದು ಕೊಂಡ ಹೊಸ ಚಪ್ಪಲಿ ಪಟಪಟ ಬಡಿಯುತ್ತಾ, ಪಂಚೆ ಎತ್ತಿ ಹಿಡಿದು, ನನ್ನ ಸೇತುವೆಯ ಮೇಲೆ ನಾನು ಓಡಿದೆ. ಸೇತುವೆ ಎಷ್ಟು ಉದ್ದವಿದೆಯೆಂದು ಆವತ್ತು ಗೊತ್ತಾಯಿತು. ತಂಗಿ ಹೆಂಗಸರ ನಡುವೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಕೇಳಿಸಿರಬೇಕು. ಅವ್ವ ಹೇಳಿದ ಹಾಗೆ ಅವಳು ತಿರುಗಿ ನೋಡಲಿಲ್ಲ. ನಡಿಗೆಯನ್ನು ಮಾತ್ರ ನಿಧಾನ ಮಾಡಿದಳು.